ಕಾಕಾ ಎತ್ತುವ ತೋರುಬೆರಳು

ಸೀನು ಬಂದರೆ ಎಲ್ಲರೂ ಸೀನುತ್ತಾರೆ. ನಮ್ಮ ಕಾಕಾ, ಅಂದರೆ ಚಿಕ್ಕಪ್ಪ, ಮಾತ್ರ ಆ ಸೀನು ಯಾವ ಬಗೆಯದೆಂದು ಮೊದಲು ವಿಚಾರಿಸುತ್ತಾರೆ! ಒಳಗಿನಿಂದ ತಾನಾಗಿ ಬಂದದ್ದಾದರೆ ಅವರ ಕಂಪ್ಯೂಟರ್ ಭಾಷೆಯಲ್ಲಿ ಅದು ಟ್ರ್ಯಾಪ್. ಅವರ ಹೆಂಡತಿ ಕಾಕು ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿದದ್ದಕ್ಕೆ ಬಂದದ್ದಾದರೆ ಇಂಟರಪ್ಟ್. ಈ ವಿಚಾರಣೆ ಮುಗಿಯುವಷ್ಟರಲ್ಲಿ ಸೀನು ಬೇಸತ್ತು ವಾಪಸು ಹೋಗಿರುತ್ತದೆ.

ಸೋಲಾಪುರದ ನಮ್ಮ ಮನೆಯ ಕೆಳಗಡೆ ಚಾದರದ ಅಂಗಡಿ. ಅಲ್ಲಿ ಕೂಡುವವನು ನಾನು. ಮೇಲ್ಮಹಡಿಯಲ್ಲಿ ಕಾಕಾ, ಕಾಕು. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತರಾದ ಕಾಕಾ ಈಗ ಸ್ವಂತದ್ದೊಂದು ಕರ್ನಲ್ ಬರೆಯುತ್ತಿದ್ದಾರೆ. ಕರ್ನಲ್ ಎಂದರೆ ಕಂಪ್ಯೂಟರಿನ ಸಂಸಾರ ತೂಗಿಸುವ ಯಜಮಾನ ಎಂದು ನನಗೆ ತಿಳಿಸಿಕೊಟ್ಟವರೂ ಅವರೇ. ಅಂಥವು ಜಗತ್ತಿನಲ್ಲಿ ಬೇಕಾದಷ್ಟಿವೆಯಂತೆ. ಮತ್ತೆ ನೀವ್ಯಾಕೆ ಬರೆಯಬೇಕು ಎಂದು ಕೇಳಿದೆ. ಅಂಗಡಿ ತುಂಬ ಚಾದರ ಇದ್ದರೂ ನಿಮ್ಮಜ್ಜಿ ಹಳೆ ಸೀರೆ ಸೇರಿಸಿ ಕೌದಿ ಹೊಲಿಯಲಿಲ್ಲವೇ ಎಂದರು.

ಯಾರಾದರೂ ಕರೆದರೆ, ಅಂದರೆ ಇಂಟರಪ್ಟ್ ಬಂದರೆ, ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಏನು ಮಾಡುತ್ತದೆ? ಕೈಯಲ್ಲಿದ್ದ ತುತ್ತಿನಷ್ಟು ಕೆಲಸ ಮುಗಿಸಿ, ತಾನು ಎಲ್ಲಿ ನಿಂತಿದ್ದೆ ಎಂಬುದನ್ನು ಜೋಪಾನವಾಗಿ ತೆಗೆದಿಟ್ಟು, ಕರೆದವರ ಕೆಲಸ ಮಾಡಿಕೊಟ್ಟು, ಮರಳಿ ಬಿಟ್ಟಲ್ಲಿಂದಲೇ ಹಿಡಿಯುತ್ತದೆ. ಕಾಕಾ ಕೂಡ ಹಾಗೆಯೇ. ಕರೆದರೆ ಸಾಕು, ತೋರುಬೆರಳು ಮೇಲೇಳುತ್ತದೆ: "ತಡಿ." ಒಂದು ದಿನ ಅವರು ಟೈಪ್ ಮಾಡುತ್ತಿದ್ದಾಗ ಗ್ಯಾಸ್ ಸಿಲಿಂಡರಿನವನು ಬಂದ. ಅವನೊಡನೆ ಮಾತಿಗೆ ನಿಂತಾಗ ಫೋನ್ ಬಂತು. ಫೋನಿನಲ್ಲಿದ್ದಾಗ ಹಾಲು ಉಕ್ಕಿತು. ಕಾಕಾ ಹಾಲು ಇಳಿಸಿದರು, ಫೋನ್ ಮುಗಿಸಿದರು, ಬಾಗಿಲಿಗೆ ಬಂದು ನೋಡಿದರೆ ಸಿಲಿಂಡರಿನವನೇ ಇಲ್ಲ! ನಡುವಿನದೊಂದನ್ನು ಹಾರಿಸಿ ಸೀದಾ ಟೈಪಿಗೆ ಕೂಡುವಂತಿಲ್ಲವಲ್ಲ? ಚಪ್ಪಲಿ ಮೆಟ್ಟಿ ಗಲ್ಲಿ ಗಲ್ಲಿ ಹುಡುಕಿ, ಅವನನ್ನು ತಡೆದು ನಿಲ್ಲಿಸಿ, ಅರ್ಧಕ್ಕೆ ಬಿಟ್ಟಿದ್ದ ಮಾತನ್ನು ಪೂರ್ತಿ ಮಾಡಿದರು: "ಅದಕ್ಕ, ಮುಂದಿನ ಸಲ ಸೀಲ್ ನೋಡಿ ತಗೊಂಬಾ." ಆ ಮನುಷ್ಯ ಈಗ ಸಿಲಿಂಡರನ್ನು ನನ್ನ ಅಂಗಡಿಯ ಮೆಟ್ಟಿಲಿಗೇ ಇಳಿಸಿ ಓಡುತ್ತಾನೆ.

ತುರ್ತಿನದಷ್ಟನ್ನು ತಕ್ಷಣ ಮಾಡಿ ಉಳಿದದ್ದನ್ನು ಆಮೇಲೆ ಮಾಡಬೇಕೆಂಬುದು ಅವರ ಇನ್ನೊಂದು ಕಾನೂನು. ಕಾಕುವಿನ ಅಣ್ಣ ಮಂಗಳವೇಢೆಯಿಂದ ಜೋಳದ ಚೀಲ ಹೊತ್ತು ಎಸ್‌ಟಿ ಬಸ್ಸಿನಲ್ಲಿ ಬಂದರು. ಕಾಕಾ ಬಾಗಿಲು ತೆಗೆದರು, ಚೀಲ ಇಳಿಸಿಕೊಂಡರು, ಬಾಗಿಲು ಹಾಕಿಕೊಂಡರು! ಚೀಲ ತುರ್ತಿನದು, ಉಪಚಾರ ಆಮೇಲಿನದು. ಪಾಪ, ಆ ಹಿರಿಯರು ನನ್ನ ಅಂಗಡಿಯಲ್ಲಿ ಚಾದರದ ಗಂಟಿನ ಮೇಲೆ ಕೂತು ಚಹಾದ ಮೇಲೆ ಚಹಾ ಕುಡಿದರು. ಸಂಜೆ ಕಾಕಾ ಇಳಿದು ಬಂದು, ಬಹಳ ಪ್ರೀತಿಯಿಂದ ಕೈಮುಗಿದು, ಯಾವಾಗ ಬಂದಿರಿ ಎಂದು ಕೇಳಿದರು.

ಇನ್ನು ಟ್ರ್ಯಾಪಿನ ಕಥೆ. ಮಾಡುತ್ತಿದ್ದ ಕೆಲಸದಲ್ಲೇ ಎಡವಟ್ಟಾದರೆ ನಿಲ್ಲಬೇಕು, ಸರಿಪಡಿಸಬೇಕು, ಎಡವಿದ ಆ ಹೆಜ್ಜೆಯನ್ನೇ ಮತ್ತೆ ಇಡಬೇಕಂತೆ. ಊಟದ ನಡುವೆ ಕಾಕಾ ಹಸಿಮೆಣಸಿನಕಾಯಿ ಕಚ್ಚಿದರು. ನಿಂತರು. ನೀರು ಕುಡಿದರು. ಅದೇ ಮೆಣಸಿನಕಾಯಿಯನ್ನು ಮತ್ತೆ ಕಚ್ಚಿದರು! ಮತ್ತೆ ನೀರು, ಮತ್ತೆ ಮೆಣಸಿನಕಾಯಿ. ಕಣ್ಣು, ಮೂಗು ಎಲ್ಲ ಹರಿಯತೊಡಗಿದ ಮೇಲೆ ಕಾಕು ಎದ್ದು ಬಂದು ಅದನ್ನು ತಾಟಿನಿಂದ ತೆಗೆದು ಬಿಸಾಕಿದರು. ಮೂಲ ಕಾರಣ ತೆಗೆಯದೆ ಮರಳಿದರೆ ಹೀಗೆಯೇ ಆಗುತ್ತದೆ ಎಂದು ಕಾಕಾ ತುಟಿ ಊದಿಸಿಕೊಂಡೇ ನನಗೆ ಪಾಠ ಹೇಳಿದರು.

ಎಲ್ಲರನ್ನೂ ನಗಿಸುವ ಈ ಬೆರಳು ಹೆಚ್ಚಾಗಿ ಏಳುತ್ತಿದ್ದದ್ದು ಮಾತ್ರ ಕಾಕುವಿನ ಮುಂದೆ. ಅವರು "ರೀ" ಎನ್ನುವುದೇ ತಡ, ಬೆರಳು ಮೇಲೆ! ಸಿಲಿಂಡರಿನವನ ಮಾತು ಮುಗಿಸಲು ಊರು ಸುತ್ತಿದ ಮನುಷ್ಯನಿಗೆ ಹೆಂಡತಿಯ ಮಾತು ನಡುವೆ ನಿಂತದ್ದು ಎಂದೂ ನೆನಪಾಗಲಿಲ್ಲ. ಹೆಂಡತಿ ಎಲ್ಲಿಗೆ ಹೋಗುತ್ತಾಳೆ, ಮನೆಯಲ್ಲೇ ಇರುತ್ತಾಳಲ್ಲ! ನನಗೆ ಇದರ ಮೇಲೆ ಸಿಟ್ಟಿತ್ತು, ಈಗಲೂ ಇದೆ.

ಒಂದು ಬೆಳಗ್ಗೆ ಕಾಕು ಚೀಲ ಹಿಡಿದು ಅಂಗಡಿಗೆ ಇಳಿದು ಬಂದರು. "ಅಕ್ಕಲಕೋಟಕ್ಕ ಅಕ್ಕನ ಮನಿಗಿ ಹೊಂಟೀನಪಾ. ನಿಮ್ಮ ಕಾಕಾಗ ನೀನ ಹೇಳು. ನಾ ಹೇಳಾಕ ಹೋದ್ರ ತಡಿ ಅಂತಾರ. ಎಸ್‌ಟಿ ನಿಂದ್ರಬೇಕಲ್ಲ." ಯಾವಾಗ ಬರುತ್ತೀರಿ ಎಂದು ಕೇಳುವಷ್ಟರಲ್ಲಿ ಹೊರಟೇಬಿಟ್ಟರು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡದ್ದು ನನಗೆ ವಿಚಿತ್ರವೆನಿಸಿತು.

ಕಾಕಾನಿಗೆ ಹಬ್ಬ! ಕರೆಯುವವರೇ ಇಲ್ಲದ ಮನೆ! ಆದರೆ ಕರ್ನಲ್ ಹಟ ಹಿಡಿದಿತ್ತು. ಅದರೊಳಗಿನ ಗಡಿಯಾರ ಕ್ಷಣಕ್ಷಣಕ್ಕೂ ಪ್ರೊಸೆಸರನ್ನು ಕರೆಯುತ್ತಿರಬೇಕು. ಅದೋ ಒಮ್ಮೆ ಕರೆದು ಗಪ್‌ಚುಪ್. ಮತ್ತೆ ಚಾಲೂ ಮಾಡಿದರೆ ಮತ್ತೆ ಒಂದೇ ಸಲ. ಕಾಕಾ ಎರಡು ದಿನ ಖಾರಬ್ಯಾಳಿಯ ಸಾರೂ ಇಲ್ಲದೆ, ಕಡಕ್ ಭಾಕರಿ ಎಂಬ ಒಣ ಜೋಳದ ರೊಟ್ಟಿ ಮುರಿದು ತಿಂದುಕೊಂಡು ಅದರ ಮುಂದೆ ಕೂತರು.

ಮೂರನೆಯ ದಿನ ಅಂಗಡಿಗೆ ಬಂದಾಗ ಅವರ ಮುಖ ಬಿಳಿಚಿತ್ತು. ತಪ್ಪು ಸಿಕ್ಕಿತೆಂದರು. ಗಡಿಯಾರ ಕರೆದಾಗ ಕೆಲಸ ಮಾಡಿದರಷ್ಟೇ ಸಾಲದು, ಕೇಳಿದೆ ಎಂದು ಅದಕ್ಕೊಂದು ಮಾತು ತಿರುಗಿ ಹೇಳಬೇಕು. ಹೇಳದಿದ್ದರೆ ಅದು ಇನ್ನೊಮ್ಮೆ ಕರೆಯುವುದಿಲ್ಲ. ಆ ಒಂದು ಸಾಲನ್ನೇ ಅವರು ಬರೆದಿರಲಿಲ್ಲ. ಬರೆದುಬಿಡಿ, ಮುಗಿಯಿತಲ್ಲ ಎಂದೆ. ಕಾಕಾ ಚಾದರದ ಗಂಟಿನ ಮೇಲೆ ಕೂತುಬಿಟ್ಟರು.

"ನಿಮ್ಮ ಕಾಕುನೂ ಈಗೀಗ ನನ್ನ ಕರ್ಯಾಕತ್ತಿದ್ದಿಲ್ಲೋ," ಎಂದರು. "ಮನಿ ಶಾಂತ ಆಗ್ಯದ ಅಂತ ನಾ ಖುಷಿಪಟ್ಟೆ."

ನಾನು ಶಟರ್ ಎಳೆದೆ. ಸ್ಕೂಟರಿನ ಹಿಂದೆ ಕಾಕಾನನ್ನು ಕೂರಿಸಿಕೊಂಡು ಅಕ್ಕಲಕೋಟಕ್ಕೆ ಹೊರಟೆ. ಹಾದಿಯಲ್ಲಿ ನನಗೆ ಎರಡು ಸೀನು ಬಂದವು. ಕಾಕಾ ಯಾವ ಬಗೆಯವೆಂದು ಕೂಡ ಕೇಳಲಿಲ್ಲ.

ಕಾಕುವಿನ ಅಕ್ಕ ಬಾಗಿಲು ತೆಗೆದರು. ಕಾಕು ಒಳಗೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು, ಮೊರವನ್ನು ಮುಖದ ಹತ್ತಿರಕ್ಕೆ ಎತ್ತಿ ಹಿಡಿದುಕೊಂಡು. ಕಾಕಾ ಚಪ್ಪಲಿ ಬಿಡುವುದನ್ನೂ ಮರೆತು ಹೋಗಿ ಅವರೆದುರು ನೆಲಕ್ಕೆ ಕೂತರು.

"ಅವತ್ತ ದೀಪಾ ಹಚ್ಚೂ ಹೊತ್ತಿನಾಗ ಬಂದು, 'ರೀ, ನನ್ನ ಎಡಗಣ್ಣಾಗ...' ಅಂದಿದ್ದಿ. ನಾ ತಡಿ ಅಂದೆ. ಕೇಳೀನಿ. ಮುಂದ ಹೇಳು."

ಕಾಕು ಮೊರ ಕೆಳಗಿಟ್ಟರು. ಬಹಳ ಹೊತ್ತು ಗಂಡನ ಮುಖವನ್ನೇ ನೋಡಿದರು. ಎಷ್ಟು ಕಾಣುತ್ತಿತ್ತೋ ಏನೋ.

"ಕತ್ತಲಿ ಆಗ್ಯದರಿ," ಎಂದರು. "ಡಾಕ್ಟರ್ ನಾಳಿಗಿ ಆಪರೇಶನ್ ಅಂದಾರ. ನಂಗ ಭಾಳ ಅಂಜಿಕಿ ಬರ್ತದ."

ಅಷ್ಟರಲ್ಲಿ ಕಾಕಾನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಅಭ್ಯಾಸಬಲ, ಕಾಕುವೇ ಮಾತು ನಿಲ್ಲಿಸಿ ಫೋನ್ ಬಂತು ನೋಡಿ ಎಂದರು. ಕಾಕಾ ಎರಡೂ ಕೈಯಲ್ಲಿ ಅವರ ಕೈ ಹಿಡಿದಿದ್ದರು. ಒಂದನ್ನು ಮಾತ್ರ ಬಿಡಿಸಿಕೊಂಡು, ಹೆಂಡತಿಯ ಮೇಲಿನ ಕಣ್ಣು ಕೀಳದೆ, ಅದೇ ತೋರುಬೆರಳನ್ನು ಎತ್ತಿ ಜೇಬಿಗೆ ತೋರಿಸಿದರು.

"ತಡಿ," ಎಂದರು ಫೋನಿಗೆ.