ಆಮೆನ್ ಅಲ್ಲ, ಆಮೇಲೆ

ನಮ್ಮ ದೊಡ್ಡಮ್ಮನಿಗೆ ದೇವರ ಜೊತೆ ಜಗಳವೇನಿಲ್ಲ, ಇರುವುದು ಒಂದೇ ಒಂದು ಪದದ ತಕರಾರು. ಆ ಪದ ಹಿಡಿದುಕೊಂಡು ಅವಳು ಇಡೀ ಚರ್ಚನ್ನೇ ತಿದ್ದಲು ಹೊರಟಿದ್ದಾಳೆಂದರೆ ನೀವು ನಂಬುತ್ತೀರಾ?

ಅಜ್ಜಂಪುರದ ಈ ಹೆಂಗಸಿಗೆ ಮಂಗಳವಾರ ಅಂತರಘಟ್ಟಮ್ಮ, ಭಾನುವಾರ ಏಸಪ್ಪ! ತರೀಕೆರೆ ದಾರಿಯ ತಾಂಡಾದಲ್ಲಿ, ಲಂಬಾಣಿಗಳಿಗೆಂದು ಹಿಂದೆ ಯಾರೋ ಬಿಳಿ ಪಾದ್ರಿ ಕಟ್ಟಿಸಿದ ಕಲ್ಲಿನ ಚರ್ಚಿದೆ. ಅವನು ತನ್ನೂರಿನ ಹಾಗೆಯೇ ಚೂಪು ಕಮಾನು, ಎತ್ತರದ ಗೋಪುರ ಎಲ್ಲ ಇಟ್ಟು ಕಟ್ಟಿಸಿ ಹೋದ. ತಾಂಡಾದ ಹೆಂಗಸರು ಪೀಠಕ್ಕೆ ಕನ್ನಡಿ ಚೂರು ಹೊಲಿದ ಕೆಂಪು ಬಟ್ಟೆ ಹೊದಿಸಿ ಅದನ್ನು ತಮ್ಮದು ಮಾಡಿಕೊಂಡರು. ಅಲ್ಲಿನ ಮೇರಿಬಾಯಿ ದೊಡ್ಡಮ್ಮನ ಜೀವದ ಗೆಳತಿ, ಚಿಕ್ಕಂದಿನಿಂದ ನಮ್ಮ ಹೊಲಕ್ಕೆ ಈರುಳ್ಳಿ ಕೀಳಲು ಬರುತ್ತಿದ್ದವಳು. ಅವಳ ಪಕ್ಕ ಕೂರಬೇಕೆಂದೇ ದೊಡ್ಡಮ್ಮ ಬಸ್ಸು ಹತ್ತುವುದು.

ಮೊದಲ ಸಲ ತೆಂಗಿನಕಾಯಿ ಹಿಡಿದು ಹೋದಳಂತೆ. ಒಡೆಯುವ ಕಲ್ಲು ಕಾಣದೆ ಹೊಸ್ತಿಲಿಗೇ ಬಡಿದಳು! ಈಗಿನ ಫಾದರ್ ಗಾಬರಿಯಾಗಿ ಓಡಿಬಂದರು. ಒಂದು ಹೋಳು ಅವರ ಕೈಗಿಟ್ಟು, ಚಟ್ನಿಗೆ ಆಗುತ್ತದೆ ಎಂದಳಂತೆ.

ಅದನ್ನೂ ಫಾದರ್ ಸಹಿಸಿಕೊಂಡರು. ಪೇಚು ಬಂದದ್ದು ‘ಆಮೆನ್’ನಿಂದ. ಪ್ರಾರ್ಥನೆ ಮುಗಿದಾಗ ಎಲ್ಲರೂ ಆಮೆನ್ ಅಂದರೆ ಇವಳೊಬ್ಬಳು ಗಟ್ಟಿಯಾಗಿ ‘ಆಮೇಲೆ’ ಅನ್ನುತ್ತಾಳೆ. ಆಮೆನ್ ಅಂದರೆ ಹಾಗೇ ಆಗಲಿ ಎಂದರ್ಥ ಅಂತ ಫಾದರ್ ಬಿಡಿಸಿ ಹೇಳಿದರು. ಇವಳು ಬಿಟ್ಟಾಳೆಯೇ?

“ಆ ಬಿಳಿ ಸ್ವಾಮಿ ಕನ್ನಡ ಕಲಿಯೋವಾಗ ಅರ್ಧ ನುಂಗ್ಬಿಟ್ಟವ್ನೆ ಕಣಪ್ಪ. ದೇವ್ರು ಯಾವತ್ತು ಕೇಳಿದ ತಕ್ಷಣ ಕೊಟ್ಟವ್ನೆ? ಆಮೇಲೆ ಅಂತಾನೇ ಅನ್ನೋದು.”

ವಾದದಲ್ಲಿ ಫಾದರ್ ಸೋತರು. ಮೇರಿಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಹೋದ ಮಳೆಗಾಲದಲ್ಲಿ ಆ ಮೇರಿಬಾಯಿ ಹಾಸಿಗೆ ಹಿಡಿದಳು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದುಬಿಟ್ಟರು. ದೊಡ್ಡಮ್ಮನನ್ನು ನಾನೇ ಬೈಕಿನಲ್ಲಿ ಕರೆದೊಯ್ದೆ. ಫಾದರ್ ಮಂಚದ ಬಳಿ ನಿಂತು, ಕರ್ತನೇ, ಈ ನಿನ್ನ ಮಗಳನ್ನು ನಿನ್ನ ಬಳಿಗೆ ಸೇರಿಸಿಕೋ ಎಂದು ಪ್ರಾರ್ಥಿಸಿದರು. ನಾವೆಲ್ಲ ಆಮೆನ್ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ಗೆಳತಿಯ ಕೈ ಬಿಗಿಯಾಗಿ ಹಿಡಿದು ಅಂದಳು:

“ಆಮೇಲೆ.”

ಯಾರೂ ನಗಲಿಲ್ಲ. ಫಾದರ್ ಅವಳ ಮುಖ ನೋಡಿದರು, ಪುಸ್ತಕ ಮುಚ್ಚಿದರು, ತಾವೂ ಮೆಲ್ಲಗೆ ‘ಆಮೇಲೆ’ ಅಂದರು. ಮೇರಿಬಾಯಿ ಒಂದೇ ಒಂದು ಕಣ್ಣು ತೆರೆದಳು.

“ಮೆತ್ತಗೆ ಹೇಳೇ,” ಅಂದಳು. “ಕೇಳಿಸ್ತು ಅವನ್ಗೆ.”

ಈ ಸಲವೂ ಅವಳು ಈರುಳ್ಳಿ ಕೀಳಲು ಬಂದಿದ್ದಾಳೆ.