ಮೊದಲು ಗುಂಡಿ ಹಾಕಿ

ಟೈಲರಮ್ಮನಿಗೆ ಗಂಡನ ಮೇಲೆ ಸಿಟ್ಟು ಬರುವುದು ಹೊಸದೇನಲ್ಲ. ಆದರೆ ಆ ದಿನದ ಸಿಟ್ಟು ಮಾಮೂಲಿಯದಲ್ಲ. ಬೆಳಿಗ್ಗೆ ಹೊಲಿಗೆ ಕೋಣೆಯ ಬಾಗಿಲು ತೆಗೆದ ಕೂಡಲೇ ನೆತ್ತಿಗೇರಿದ ಪಿತ್ತ, ಮಧ್ಯಾಹ್ನ ಕಳೆದರೂ ಇಳಿಯದೆ ಅಲ್ಲೇ ಠಿಕಾಣಿ ಹೂಡಿತ್ತು.

ಇದಕ್ಕೆಲ್ಲ ಮೂಲ ಅಂಗೈಯಗಲದ ಒಂದು ಆಟದ ಯಂತ್ರ. ಅವಳ ಗಂಡ ಲಿಫ್ಟ್ ರಿಪೇರಿಯವನು. ದಿನವೆಲ್ಲ ಜನರನ್ನು ಮೇಲೆ ಕೆಳಗೆ ಓಡಾಡಿಸಿ ಮನೆಗೆ ಬಂದರೆ ಆ ಯಂತ್ರಕ್ಕೆ ಮುಖ ಕೊಟ್ಟು ಕೂರುತ್ತಿದ್ದ. ಅದರ ಪುಟ್ಟ ಪರದೆಯ ಮೇಲೆ ರಾಕ್ಷಸರ ಚಿತ್ರವಿರುವ ಕಾರ್ಡುಗಳು. ನಮ್ಮ ಕಾರ್ಡಿನ ಬಲ ಹೆಚ್ಚಿದ್ದರೆ ಎದುರಾಳಿಯ ಕಾರ್ಡು ನಮ್ಮದು. ಹೀಗೆ ಅವನು ರಾಶಿ ರಾಶಿ ಗೆದ್ದು ಗುಡ್ಡೆ ಹಾಕಿದ್ದ. (ಹೆಂಡತಿಗೆಂದು ಇದುವರೆಗೆ ಒಂದು ಕರವಸ್ತ್ರವನ್ನೂ ಗೆದ್ದು ತಂದವನಲ್ಲ.)

"ಮೀಸೆ ನರೆತ ಗಂಡಸು ಆಡೋ ಆಟವೇನ್ರೀ ಇದು?" ಎಂದು ಅವಳು ಕೇಳಿದಾಗ ಅವನು ತಲೆಯೆತ್ತದೆಯೇ ಹೇಳಿದ್ದ: "ಇದು ಅಂಗೈಯಲ್ಲಿ ಇರೋದೇ ತಪ್ಪು ಕಣೇ. ಆಟದಂಗಡಿಯಲ್ಲಿ ಆಳೆತ್ತರಕ್ಕೆ ನಿಲ್ಲಿಸಬೇಕು. ನಾಣ್ಯ ಹಾಕಿದ್ರೆ ಟಿಂಗ್ ಅಂತ ಗಂಟೆ, ಸ್ವಿಚ್ ಒತ್ತಿದ್ರೆ ನಿಜವಾದ ಕಾರ್ಡು ಕೈಗೆ ಬೀಳಬೇಕು. ಜನ ಸಾಲುಗಟ್ಟಿ ನಿಲ್ತಾರೆ, ನೋಡ್ತಿರು."

"ನಿಲ್ತಾರೆ, ನಿಲ್ತಾರೆ," ಎಂದು ಅವಳು ಸುಮ್ಮನಾಗಿದ್ದಳು. ಸುಮ್ಮನಾಗಬಾರದಿತ್ತು.

ಬೆಳಿಗ್ಗೆ ನೋಡಿದರೆ, ಅವಳ ತವರಿನಿಂದ ಬಂದ ಮರದ ಬೀರು ಕೋಣೆಯ ನಟ್ಟನಡುವೆ ನಿಂತಿದೆ. ಅದರಲ್ಲಿ ನೇತುಹಾಕಿದ್ದ ಕೋಟುಗಳು ಕುರ್ಚಿಯ ಮೇಲೆ ಬಿದ್ದಿವೆ. ಬಾಗಿಲಿಗೆ ಒಂದು ಸೀಳು, ಒಂದು ಪುಟ್ಟ ಕಿಂಡಿ, ಯಾವುದೋ ಹಳೆಯ ಲಿಫ್ಟಿನ ಸ್ವಿಚ್ಚು, ಗಂಟೆ. ಇಷ್ಟೇ ಆಗಿದ್ದರೆ ಬೈದು ಮುಗಿಸುತ್ತಿದ್ದಳೇನೋ. ಆದರೆ ಮೇಜಿನ ಮೇಲಿದ್ದ ಅವಳ ರಟ್ಟುಗಳೂ ಮಾಯವಾಗಿದ್ದವು. ಅಳತೆಗೆ ಸರಿಯಾಗಿ ಕತ್ತರಿಸಿಟ್ಟ ರಟ್ಟನ್ನು ಬಟ್ಟೆಯ ಮೇಲಿಟ್ಟು ಗೆರೆ ಎಳೆಯದಿದ್ದರೆ ತೋಳು, ಕಾಲರ್ ಯಾವುದೂ ಮೈಗೆ ಕೂರುವುದಿಲ್ಲ. ಆ ರಟ್ಟುಗಳಲ್ಲೇ ಅವನು ಕಾರ್ಡು ಮಾಡಿದ್ದ.

ಅವುಗಳಲ್ಲೊಂದು ಹೋಟೆಲಿನ ಬಾಗಿಲು ಕಾಯುವವನ ಕಾಲರಿನದು. ಆ ಮಹಾನುಭಾವನ ಕತ್ತು ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೆಂದು ಹುಡುಕಿ ಹುಡುಕಿ ಕತ್ತರಿಸಿದ ರಟ್ಟು. ಸಂಜೆ ಹೋಟೆಲಿನ ಮ್ಯಾನೇಜರು ಕೋಟುಗಳನ್ನು ಒಯ್ಯಲು ಬರುವವನಿದ್ದ. ಹಿಡಿಸಿದರೆ ಇಡೀ ಹೋಟೆಲಿನ ಸಮವಸ್ತ್ರ ಇನ್ನು ಟೈಲರಮ್ಮನದೇ. ಉಳಿದದ್ದು ಆ ಒಂದು ಕಾಲರ್ ಮಾತ್ರ.

"ರೀ, ಎಲ್ಲಿದೀರಿ?"

"ಮೊದಲು ಗುಂಡಿ ಹಾಕಿ," ಎಂದಿತು ಬೀರು.

ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದ ಅತ್ತೆ ವಿವರಿಸಿದರು: "ಅವನು ಹಾಗೆಲ್ಲ ಮಾತಾಡಲ್ವಂತಮ್ಮ. ಒಳಗೆ ವಯರು ಹಾಕೋವರೆಗೂ ಅವನೇ ಯಂತ್ರದ ಮಿದುಳಂತೆ."

"ಅಷ್ಟೊಂದು ಮಿದುಳು ಎಲ್ಲಿತ್ತು ಇವರಿಗೆ?"

"ನಿನ್ನ ಕೋಟಿನ ಹಿತ್ತಾಳೆ ಗುಂಡಿ ಆ ಸೀಳಿಗೆ ಸರಿಯಾಗಿ ಹಿಡಿಸತ್ತೆ. ನಾನು ನಸುಕಿಂದ್ಲೇ ಆಡ್ತಿದೀನಿ. ಗುಂಡಿ ಡಬ್ಬಿ ತಳ ಕಂಡಿದೆ."

ಹಲ್ಲು ಕಡಿಯುತ್ತ ಅವಳು ಒಂದು ಗುಂಡಿ ಹಾಕಿದಳು. ಟಿಂಗ್.

"ನನ್ನ ಕಾಲರ್ ರಟ್ಟು ಕೊಡಿ."

"ಅದು ಅಪರೂಪದ ಕಾರ್ಡು. ಗೆದ್ದವರಿಗೆ ಮಾತ್ರ."

ಮೈಯೆಲ್ಲ ಉರಿದುಹೋಯಿತು. ಬಾಗಿಲು ಎಳೆದಳು, ಒಳಗಿಂದ ಚಿಲಕ. ಸುತ್ತಿಗೆ ಎತ್ತಿದಳು, ತವರಿನ ಬೀರು, ಕೈ ಬರಲಿಲ್ಲ. ಗತಿಯಿಲ್ಲದೆ ಸ್ವಿಚ್ ಒತ್ತಿದಳು. ಒಂದು ಕಾರ್ಡು ಬಿತ್ತು. ಅದರ ಮೇಲೆ ಅವಳ ಸ್ವಂತ ತಮ್ಮನ ಚಿತ್ರ. "ಭಾವಮೈದ. ಬಲ: ಐದು. ವಿಶೇಷ ಶಕ್ತಿ: ಊಟದ ಹೊತ್ತಿಗೆ ಸರಿಯಾಗಿ ಬರುವುದು." ಕಿಂಡಿಯಲ್ಲಿ ಎದುರಾಳಿಯ ಕಾರ್ಡು ಕಾಣಿಸಿತು. "ಅಮ್ಮ. ಬಲ: ತೊಂಬತ್ತು."

"ಸೋತೆ ಕಣಮ್ಮ," ಎಂದರು ಅತ್ತೆ, ಮುಖ ಊರಗಲ ಮಾಡಿಕೊಂಡು.

ಅಲ್ಲಿಗೆ ಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ತಮ್ಮನಿಗೆ ಐದು, ಅತ್ತೆಗೆ ತೊಂಬತ್ತು ಎಂದರೆ ಯಾವ ಹೆಂಗಸು ಸುಮ್ಮನಿರುತ್ತಾಳೆ? ಡಬ್ಬಿಯಲ್ಲಿ ಉಳಿದದ್ದೆಲ್ಲ ಮುಗಿಯಿತು. ಆಗ ಕುರ್ಚಿಯ ಮೇಲಿನ ಕೋಟಿಗೆ ಕತ್ತರಿ ಹಾಕಿ ಒಂದು ಗುಂಡಿ ಬಿಡಿಸಿದಳು. ಒಂದೇ ಒಂದು, ಆಮೇಲೆ ಹೊಲಿದರಾಯಿತು. ಅದೂ ಹೋಯಿತು. ಇನ್ನೊಂದು ಬಿಡಿಸಿದಳು. ಬಿಸಿಲು ಇಳಿಯುವ ಹೊತ್ತಿಗೆ ಹೋಟೆಲಿನ ಕೋಟುಗಳೆಲ್ಲ ಎದೆ ಬಿಚ್ಚಿಕೊಂಡು ಬಿದ್ದಿದ್ದವು.

"ಒಳಗೆ ಕೂತು ನೋಡಿ ನೋಡಿ ಕಾರ್ಡು ಹಾಕ್ತಿದೀರ. ಇದು ಮೋಸ."

"ಯಂತ್ರಕ್ಕೆ ನೀರಡಿಕೆ ಆಗಿದೆ," ಎನ್ನುತ್ತ ಬೀರು ತಾನಾಗಿಯೇ ಬಾಗಿಲು ತೆರೆಯಿತು.

ಗಂಡ ಸೊಂಟ ಹಿಡಿದುಕೊಂಡು ಅಡುಗೆಮನೆಯತ್ತ ಹೋದದ್ದೇ ತಡ, ಟೈಲರಮ್ಮ ಒಳಗೆ ನುಗ್ಗಿ ಚಿಲಕ ಹಾಕಿಕೊಂಡಳು. ಕಾರ್ಡುಗಳ ರಾಶಿ ಕೆದಕಿದಳು. ಕೊನೆಗೂ ಸಿಕ್ಕಿತು, ಒಂದು ಅಂಚಿನಲ್ಲಿ ಕಾಲರಿನ ಬಾಗು ಇನ್ನೂ ಉಳಿದಿದ್ದ ತುಂಡು. ತಿರುಗಿಸಿದಳು. ಕತ್ತಿಗೆ ಟೇಪು, ಬಾಯಲ್ಲಿ ಸೂಜಿ, ಸಾಕ್ಷಾತ್ ಅವಳೇ. "ಮನೆಯಾಕೆ. ಸಿಟ್ಟು: ನೂರು. ತಾಳ್ಮೆ: ಸೊನ್ನೆ."

ಸೊನ್ನೆ. ಇಷ್ಟು ವರ್ಷ ಈ ಮನುಷ್ಯನನ್ನು, ಇವನ ಯಂತ್ರವನ್ನು, ಇವನ ತಾಯಿಯನ್ನು ಸಹಿಸಿಕೊಂಡವಳಿಗೆ ಸೊನ್ನೆ. ಅವಳಿಗೆ ಅಳು ಬಂತು. ಅಳುವಷ್ಟರಲ್ಲಿ ಹೊರಗೆ ಟಿಂಗ್ ಎಂದಿತು. ಇಷ್ಟೆಲ್ಲ ಮಾಡಿ ಇನ್ನೂ ಆಡಲು ಬಂದಿದ್ದಾನಲ್ಲ.

"ನಾಚಿಕೆ ಆಗಲ್ವಾ ನಿಮಗೆ?" ಎಂದು ಒಂದು ಕಾರ್ಡು ತಳ್ಳಿದಳು. "ತಗೊಳ್ಳಿ, ಬಲ ಮೂರು. ನಿಮ್ಮ ಯೋಗ್ಯತೆಗೆ ಅದೇ ಹೆಚ್ಚು. ಕತ್ತೇ ಇಲ್ಲದವನಿಗೆ ಕಾಲರ್ ಹೊಲಿದು ಹೊಲಿದು ನನ್ನ ಕತ್ತು ಬಿದ್ದುಹೋಗ್ತಿದೆ. ಇನ್ನೇನು ಆ ಮ್ಯಾನೇಜರ್ ಬರ್ತಾನೆ, ಹರಳೆಣ್ಣೆ ಕುಡಿದ ಮುಖ ಹೊತ್ಕೊಂಡು. ಅವನಿಗೆ ಏನಂತ ಹೇಳ್ಲಿ, ನಿಮ್ಮ ತಲೆ?"

ಟಿಂಗ್.

"ಇನ್ನೂ ಬೇಕಾ? ಹಿಡೀರಿ."

ಟಿಂಗ್. ಟಿಂಗ್.

ಬೈಯುತ್ತಲೇ ಅವಳು ಕಿಂಡಿಯಲ್ಲಿ ಕಣ್ಣಿಟ್ಟಳು. ಹೊರಗೆ ಹರಳೆಣ್ಣೆ ಕುಡಿದ ಮುಖವೇ ನಿಂತಿತ್ತು. ಮ್ಯಾನೇಜರು ತನ್ನ ಸ್ವಂತ ಕೋಟಿನ ಕೊನೆಯ ಗುಂಡಿಯನ್ನು ಕಿತ್ತು ಕೈಯಲ್ಲಿ ಹಿಡಿದಿದ್ದ.

"ಸಾಲಲ್ಲಿ ನಾನಿದ್ದೆ, ಇವರು ನುಗ್ಗಿಬಿಟ್ರು," ಎಂದರು ಅತ್ತೆ.

ಟೈಲರಮ್ಮ ಹೊರಗೆ ಬಂದಳು. ಮ್ಯಾನೇಜರು ಕೋಟುಗಳನ್ನು ಒಂದೊಂದಾಗಿ ಎತ್ತಿ ನೋಡಿದ. "ಗುಂಡಿಯಿಲ್ಲ, ಕಾಲರಿಲ್ಲ. ಸಮವಸ್ತ್ರ ಬೇರೆಯವರಿಗೆ ಕೊಡ್ತೀನಿ ಬಿಡಿ. ಆದ್ರೆ ಈ ಬೀರು ನನಗೆ ಬೇಕು. ನಮ್ಮಲ್ಲಿ ಲಿಫ್ಟಿಗೆ ಕಾಯೋರು ನಮ್ಮನ್ನ ಬೈತಾ ನಿಂತಿರ್ತಾರೆ. ಇದೊಂದಿದ್ರೆ ಬೈಸ್ಕೊಳ್ತಾ ನಿಂತಿರ್ತಾರೆ."

"ಒಳಗೆ ನಾನೇ ಕೂರ್ತೀನಿ ಸಾರ್," ಎಂದ ಗಂಡ, ನೀರಿನ ಲೋಟ ಹಿಡಿದುಕೊಂಡೇ.

"ಬೇಡಪ್ಪ. ನಿಮ್ಮ ತಾಯಿ ಹೇಳಿದ್ರು, ನೀವು ಒಳಗೆ ಕೂತ್ರೆ ಆಟ ಸಪ್ಪೆಯಂತೆ. ಅಮ್ಮಾವ್ರೇ ಆಗಬೇಕು."

ಈಗ ಟೈಲರಮ್ಮ ದಿನಾ ಸಂಜೆ ಹೋಟೆಲಿನ ಲಿಫ್ಟಿನ ಪಕ್ಕ, ತನ್ನದೇ ಬೀರುವಿನೊಳಗೆ ಕೂತಿರುತ್ತಾಳೆ. ಜನ ನಿಜವಾಗಿಯೂ ಸಾಲುಗಟ್ಟುತ್ತಾರೆ. ಕಿಂಡಿಯಿಂದ ನೇರಕ್ಕೆ ಹೋಟೆಲಿನ ಬಾಗಿಲು ಕಾಣುತ್ತದೆ. ಅಲ್ಲಿ ಆ ಕತ್ತಿಲ್ಲದ ಆಸಾಮಿ ಬೇರೆ ಯಾರೋ ಹೊಲಿದ ಕೋಟಿನಲ್ಲಿ ನಿಂತಿರುತ್ತಾನೆ. ಕಾಲರ್ ಒಂದು ಕಡೆ ಕಿವಿ ಮುಟ್ಟುತ್ತದೆ, ಇನ್ನೊಂದು ಕಡೆ ಬೆನ್ನಿಗೆ ಜಾರಿರುತ್ತದೆ. ನೋಡಿದಾಗಲೆಲ್ಲ ಅವಳ ಹೊಟ್ಟೆಗೆ ಬೆಂಕಿ ಬೀಳುತ್ತದೆ.

"ಆ ಕಾಲರ್ ಒಂದನ್ನ ಬಿಟ್ಟಿ ಹೊಲಿದುಕೊಡ್ತೀನಿ, ದಮ್ಮಯ್ಯ ಅಂತೀನಿ," ಎಂದು ಮ್ಯಾನೇಜರನ್ನು ಬೇಡಿಕೊಂಡೂ ನೋಡಿದಳು.

"ಅದೊಂದು ಮಾತ್ರ ಕೇಳಬೇಡಿ ಅಮ್ಮ," ಎಂದ ಅವನು. "ಅದು ಸರಿಹೋದ್ರೆ ನೀವು ಬೈಯೋದು ನಿಲ್ಲಿಸಿಬಿಡ್ತೀರ."

ಅವನಿಗೆ ತಕ್ಕ ಉತ್ತರ ಕೊಡಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಟಿಂಗ್ ಎಂದಿತು.