ಸೋದರಮಾವನಿಗೆ ಲೈಸೆನ್ಸ್ ಬೇಕಿಲ್ಲ

ಹೊಟ್ಟೆಕಿಚ್ಚು ಎನ್ನುವುದು ಪಕ್ಕದವನ ತೋಟದಲ್ಲಿ ಗೊನೆ ದಪ್ಪಗಿದ್ದರೆ, ಎದುರುಮನೆಯವನು ಹೊಸ ಬೈಕು ತಂದರೆ ಬರುವ ಕಾಯಿಲೆ ಎಂದು ನಾನೂ ನಂಬಿದ್ದೆ. ಅವೆರಡಕ್ಕೂ ನಾನು ಒಗ್ಗಿಹೋಗಿದ್ದೇನೆ. ಆದರೆ ನಲವತ್ತರ ಹತ್ತಿರ ಬಂದ, ಎಂಟನೇ ಕ್ಲಾಸಿಗೇ ಪುಸ್ತಕ ಮಡಚಿಟ್ಟ, ಹೆಣ್ಣು ಕೊಡುವವರು ಇನ್ನೂ ಸಿಗದ ಗಂಡಸೊಬ್ಬ ಮಕ್ಕಳನ್ನು ನೋಡಿಕೊಳ್ಳುವ ಮನೆಯೊಂದರ ಮೇಲೆ ಹೊಟ್ಟೆಕಿಚ್ಚು ಪಟ್ಟನೆಂದರೆ ಯಾರಾದರೂ ನಗುತ್ತಾರೆ. ನಗಲಿ. ಅದು ನಗುವ ಮಟ್ಟದಲ್ಲೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ನನ್ನ ತಂಗಿ ಲತಾ ತಿಪಟೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಬೆಳಿಗ್ಗೆ ಸ್ಕೂಟರಿನಲ್ಲಿ ಬಿಳಿಗೆರೆಗೆ ಬಂದು ಮಗಳು ಚಿನ್ನುವನ್ನು ನನ್ನ ಮಡಿಲಿಗೆ ಹಾಕಿ ಹೋದರೆ, ಸಂಜೆಯವರೆಗೆ ಅವಳು ನನ್ನವಳು. ಎರಡೂವರೆ ವರ್ಷದ ಆ ಕೂಸು "ಮಾಮ" ಎಂದರೆ ಸುಲಿಯುತ್ತಿದ್ದ ಕಾಯಿಯನ್ನು ಅಲ್ಲೇ ಬಿಟ್ಟು ಏಳುತ್ತಿದ್ದೆ. ಆನೆಯಾಗು ಎಂದರೆ ಆನೆ, ಬಸ್ಸಾಗು ಎಂದರೆ ಬಸ್ಸು. ಬಸ್ಸಾಗುವುದು ಕಷ್ಟ ಕಣ್ರೀ. ಹಾರ್ನೂ ನಾನೇ, ಕಂಡಕ್ಟರೂ ನಾನೇ. ಹೀಗಿರುವಾಗ ಲತಾ ಒಂದು ದಿನ, "ಅಣ್ಣ, ನಿಂಗೂ ಕೆಲಸ ಕೆಡ್ತದೆ. ಆಸ್ಪತ್ರೆ ಹಿಂದುಗಡೆ ಸುಜಾತಾ ಮೇಡಂ ಅನ್ನೋರು ಡೇ ಕೇರ್ ಮಾಡವ್ರೆ. ಒಂದ್ಸಲ ನೋಡ್ಕೊಂಡು ಬಂದು ಹೇಳು. ನಿನ್ನಷ್ಟು ಸೂಕ್ಷ್ಮವಾಗಿ ಯಾರು ನೋಡ್ತಾರೆ?" ಎಂದಳು. ಆ ನಂಬಿಕೆಯೇ ನನ್ನ ಕೈಗೆ ಸಿಕ್ಕ ಮಚ್ಚು.

ಮೊದಲು ನಮ್ಮೂರ ಅಂಗನವಾಡಿ ಟೀಚರಮ್ಮನ ಹತ್ತಿರ ಹೋಗಿ, ಇಂಥದ್ದನ್ನು ಮುಚ್ಚಿಸಲು ಕಾನೂನು ಏನಿದೆ ಎಂದು ಕೇಳಿದೆ. "ಮುಚ್ಚಿಸೋದಿರಲಿ, ಯಾವ್ಯಾವ ಥರದ್ದು ಇದಾವೆ ಅಂತ ಮೊದಲು ತಿಳ್ಕೊ ಕಣಪ್ಪ" ಎಂದು ಅವರು ಶುರುಮಾಡಿದರು. ಅಂಗನವಾಡಿ ಸರ್ಕಾರದ್ದು, ಮೂರು ತುಂಬಿದ ಮಕ್ಕಳು ಬಂದು ಕೂರುವುದು. ಕೂಲಿಗೆ ಹೋಗುವ ತಾಯಂದಿರ ಎಳೆ ಮಕ್ಕಳಿಗೆ ಪಂಚಾಯಿತಿಯ ಕೂಸಿನ ಮನೆ. ಖಾಸಗಿಯವರು ನಡೆಸಿದರೆ ನೋಂದಣಿ, ಅನುಮತಿ ಆಗಿದೆಯೇ ಎಂದು ಪತ್ರ ಕೇಳಿ ನೋಡಬೇಕು. ಎಷ್ಟು ಮಕ್ಕಳಿಗೆ ಒಬ್ಬ ಆಯಾ, ಗೇಟಿನ ಚಿಲಕ ಎಲ್ಲಿದೆ, ಮಗು ಮಲಗುವ ಜಾಗದ ಮೇಲೆ ಬೀಳುವಂಥದ್ದು ಏನಾದರೂ ಇದೆಯೇ... "ಮತ್ತೆ ನಂಗೆ?" ಎಂದೆ. "ನೀನು ಸೋದರಮಾವ ಕಣಪ್ಪ. ಮನೆಯವರು ನೋಡ್ಕೊಳ್ಳೋಕೆ ಎಂಥ ಲೈಸೆನ್ಸು? ನಿನ್ನ ಯಾರು ಬಂದು ತಪಾಸಣೆ ಮಾಡ್ತಾರೆ, ಬುಡು" ಎಂದರು. ಬಿರುದು ಕೊಟ್ಟಂತಾಗಿ ಎದೆಯುಬ್ಬಿಸಿಕೊಂಡು ತಿಪಟೂರು ಬಸ್ಸು ಹತ್ತಿದೆ.

ಸುಜಾತಾ ಮೇಡಂ ಮನೆಯಲ್ಲಿ ತಪ್ಪು ಹುಡುಕಲು ನಾನು ಪಟ್ಟ ಪಾಡನ್ನು ಎಮ್ಮೆ ಕಳೆದುಕೊಂಡವನೂ ಪಟ್ಟಿರಲಾರ. ಪತ್ರ ಸೀಲಿನ ಸಮೇತ ಗೋಡೆಯ ಮೇಲೇ ಇತ್ತು. ಚಿಲಕ ಮಕ್ಕಳ ಕೈಗೆಟುಕದಷ್ಟು ಎತ್ತರದಲ್ಲಿತ್ತು. ಫಿನಾಯಿಲ್ ಎಲ್ಲಿಡ್ತೀರಿ ಎಂದರೆ ಬೀಗ ತೆಗೆದು ತೋರಿಸಿದರು. "ಹಾಲಿಗೆ ನೀರು ಹಾಕ್ತೀರಾ?" ಎಂದೆ. "ಕುಡಿದು ನೋಡಿ ಸಾರ್" ಎಂದು ಒಂದು ಲೋಟ ಕೊಟ್ಟರು. ನಮ್ಮ ಹಸುವಿನ ಹಾಲಿಗಿಂತ ಗಟ್ಟಿಯಾಗಿತ್ತು. ಅದೂ ಒಂದು ಉರಿ. ಅಷ್ಟರಲ್ಲಿ ಮಗುವೊಂದು ಓಡಿಬಂದು ಅವರ ತೊಡೆಗೆ ತಲೆ ಒರಗಿಸಿ ನಿಂತಿತು. ನಾಳೆ ಈ ಜಾಗದಲ್ಲಿ ನನ್ನ ಚಿನ್ನು ನಿಂತಿರುತ್ತಾಳೆ ಎನ್ನಿಸಿದ್ದೇ ತಡ, ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು ಎದ್ದೆ. ಸಂಜೆ ಲತಾ ಕೇಳಿದಾಗ, "ಪತ್ರಗಿತ್ರ ಏನೂ ಇಲ್ಲ ಕಣಮ್ಮ. ಕೇಳಿದ್ರೆ ಮಾತು ತಿರುಗಿಸ್ತಾರೆ" ಎಂದುಬಿಟ್ಟೆ. ಅವಳು ನಂಬಿದಳು.

ಚಿನ್ನು ನನ್ನಲ್ಲೇ ಉಳಿದಳು. ನಮ್ಮ ಸೀಮೆಯಲ್ಲಿ ಕಾಯಿ ಕೊಬ್ಬರಿಯಾಗಲೆಂದು ತಿಂಗಳುಗಟ್ಟಲೆ ಅಟ್ಟದ ಮೇಲೆ ಹರಡಿರುತ್ತೇವೆ. ಅದರ ಕೆಳಗಿನ ನಡುಮನೆ ಬೇಸಗೆಯಲ್ಲೂ ತಂಪು. ಮಧ್ಯಾಹ್ನ ಅವಳನ್ನು ಮಲಗಿಸುತ್ತಿದ್ದುದು ಅಲ್ಲೇ; ನಾನೂ ಲತಾನೂ ಮಲಗಿ ಬೆಳೆದದ್ದೂ ಅಲ್ಲೇ. ಟೀಚರಮ್ಮ ಹೇಳಿದ್ದನ್ನೆಲ್ಲ ಬೇರೆಯವರ ಸೂರಿಗೆ ಹಿಡಿದು ನೋಡಿದ್ದೆನೇ ಹೊರತು ನಮ್ಮ ಸೂರಿನತ್ತ ತಲೆ ಎತ್ತಿರಲಿಲ್ಲ. ಒಂದು ಮಧ್ಯಾಹ್ನ ಚಿನ್ನು ನಿದ್ದೆ ಬೇಡ, ಕರು ನೋಡಬೇಕು ಎಂದು ಹಠ ಹಿಡಿದು ನನ್ನನ್ನು ಕೊಟ್ಟಿಗೆಗೆ ಎಳೆದುಕೊಂಡು ಹೋದಳು. ಒಳಗೆ ದಡದಡ ಸದ್ದಾಯಿತು. ಬಂದು ನೋಡಿದರೆ ಅಟ್ಟದ ಹಳೇ ಬಿದಿರಿನ ಗಳುವೊಂದು ಮುರಿದು, ಕಾಯಿಗಳೆಲ್ಲ ಅವಳ ಹಾಸಿಗೆಯ ಮೇಲೆ ಬಿದ್ದಿದ್ದವು. "ಮಾಮ, ಕಾಯಿ ತಾಚಿ ಮಾಡ್ತಾವೆ!" ಎಂದು ಅವಳು ಕೈತಟ್ಟಿ ನಕ್ಕಳು. ನಾನು ಅವಳನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ.

ಲತಾ ಬಂದೊಡನೆ ಹಾಸಿಗೆಯನ್ನು ತೋರಿಸಿದೆ. ಪತ್ರ ಇಲ್ಲವೆಂದು ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ನೀನು ಅಂತ ಕೇಳ್ದೆ ಅಣ್ಣ, ಬೇರೆಯವರನ್ನ ಕೇಳಲಿಲ್ಲ" ಎಂದಷ್ಟೇ ಹೇಳಿ, ಮಗಳನ್ನು ಎತ್ತಿಕೊಂಡು ಹೋದಳು. ಮಾರನೆಯ ದಿನದಿಂದ ಸ್ಕೂಟರು ಬಿಳಿಗೆರೆಗೆ ಬರಲಿಲ್ಲ.

ಮೊನ್ನೆ ಅವಳಿಂದ ಫೋನು ಬಂತು: "ಡ್ಯೂಟಿ ಮುಗಿಯೋದು ತಡ ಆಗ್ತದೆ. ಚಿನ್ನೂನ ಡೇ ಕೇರಿಂದ ಕರ್ಕೊಂಡು ನಮ್ಮನೇಗೆ ಹೋಗಿರು." ಒಗೆದ ಅಂಗಿ ಹಾಕಿಕೊಂಡು ಓಡಿದೆ. ಸುಜಾತಾ ಮೇಡಂ ಗೇಟು ತೆಗೆಯದೆ, "ಸ್ವಲ್ಪ ನಿಲ್ಲಿ ಸಾರ್, ಅವರಮ್ಮನ್ನ ಕೇಳ್ಬೇಕು" ಎಂದು ಫೋನು ಮಾಡಿದರು. ನಾನು ಗೇಟಿಗೆ ಕಿವಿಗೊಟ್ಟೆ. "ಹೌದು ಮೇಡಂ, ನಮ್ಮಣ್ಣನೇ. ಕಳ್ಸಿ" ಎಂಬ ದನಿ ಗೇಟಿನಾಚೆಗೂ ಕೇಳಿ ಕಣ್ಣು ಒದ್ದೆಯಾಯಿತು. ಆದರೆ ಚಿನ್ನು ಏಳಲೊಲ್ಲಳು. "ಆಮೇಲೆ ಬತ್ತೀನಿ ಮಾಮ" ಎಂದು ಮೇಡಂ ಬಾಯಿಗೆ ಮಣ್ಣಿನ ಇಡ್ಲಿ ತಿನ್ನಿಸುವ ಆಟಕ್ಕೆ ಹಿಂದಿರುಗಿದಳು. ನನಗೆ ಮಕ್ಕಳ ಪುಟ್ಟ ಕುರ್ಚಿ ಕೊಟ್ಟರು. ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತು, ಇನ್ನು ಮೇಲೆ ಯಾರ ಮೇಲೂ ಕರುಬುವುದಿಲ್ಲ ಎಂದು ಮನಸ್ಸಿನಲ್ಲೇ ಪ್ರಮಾಣ ಮಾಡಿದೆ. ಆಗ ನನ್ನ ಭಾರಕ್ಕೆ ಕುರ್ಚಿಯ ಕಾಲು ಕಿರಕ್ ಎಂದಿತು. ಕುರ್ಚಿ ಗಟ್ಟಿಯಿಲ್ಲ ಎಂದು ಯಾರಿಗೆ ದೂರು ಕೊಡಬಹುದು ಎಂದು ಅದೇ ಮನಸ್ಸು ಆಗಲೇ ಯೋಚಿಸತೊಡಗಿತ್ತು.